ಗರಾಜಿನ ಮೂಲೆಯಿಂದ: ಯಾವ ಪ್ಯಾಡು, ಯಾವ ಪಾಲಿಶು?

ಮೇ ತಿಂಗಳು ಬಂತು, ಉಪ್ಪಿನ ಕಾಲ ಮುಗಿಯಿತು. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ದೊಡ್ಡದೊಂದು ಉಪ್ಪಿನ ಗಣಿ ಇದೆ. ಇದು ನಮ್ಮ ಶಾಲೆಯ ಎಷ್ಟು ಮಕ್ಕಳಿಗೆ ಗೊತ್ತೋ! ಚಳಿಗಾಲದುದ್ದಕ್ಕೂ ರಸ್ತೆಗೆ ಸುರಿದ ಉಪ್ಪು ನಮ್ಮ ಕಾರುಗಳ ಮೈಮೇಲೆ ಬಂದು ಕೂರುತ್ತದೆ. ಅದನ್ನು ತೊಳೆಯಲು ನಾವೆಲ್ಲ ಓಡುವುದು ದೊಡ್ಡ ದೊಡ್ಡ ಬ್ರಶ್ ತಿರುಗುವ ಕಾರ್ ವಾಶಿಗೆ. ಈಗ ಬಿಸಿಲು ಬಿದ್ದಾಗ ಬಾನೆಟ್ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಸಣ್ಣ ಗೀರುಗಳು ಕಾಣುತ್ತವೆಯಲ್ಲ, ಈ ತಿಂಗಳ ಮಾತು ಅದರದ್ದೇ.

ಈ ವಿಷಯಕ್ಕೆ ಕಾರಣ ಎರಡು ಮಿಂಚೆಗಳು. ಒಂದು ನಮ್ಮ ಹಿರಿಯ ತರಗತಿಯ ಹುಡುಗನದ್ದು. ಎರಡು ಬೇಸಿಗೆ ಈಜುಕೊಳದಲ್ಲಿ ಲೈಫ್‌ಗಾರ್ಡ್ ಕೆಲಸ ಮಾಡಿ ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಕಪ್ಪು ಹೋಂಡಾ ಸಿವಿಕ್ ಕೊಂಡಿದ್ದಾನೆ. "ಅಂಕಲ್, ಮಷೀನ್ ಪಾಲಿಶ್ ಮಾಡ್ಬೇಕು. ಒಂದು ವಿಡಿಯೋದಲ್ಲಿ ಹಳದಿ ಪ್ಯಾಡ್ ತಗೋ ಅಂತಾರೆ, ಇನ್ನೊಂದರಲ್ಲಿ ಹಳದಿ ಬೇಡವೇ ಬೇಡ ಅಂತಾರೆ. ಯಾವುದು ಸರಿ?" ಎಂದು ಕೇಳಿದ್ದಾನೆ. ಇನ್ನೊಂದು ಮಿಂಚೆ ಅದೇ ದಿನ ರಾತ್ರಿ ಅವನ ಅಮ್ಮನಿಂದ: "ಅವನಿಗೆ ಹೇಳ್ಬೇಡಿ, ಆದರೆ ಇದ್ದಬದ್ದ ಬಣ್ಣವನ್ನೂ ಕಿತ್ತುಹಾಕಿಬಿಟ್ಟರೆ ಏನು ಗತಿ?" ಇಬ್ಬರ ಅನುಮತಿ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ.

ಮೊದಲು ಅಮ್ಮನ ಪ್ರಶ್ನೆ. ಇಂದಿನ ಕಾರಿನ ಬಣ್ಣ ಒಂದೇ ಪದರವಲ್ಲ. ಲೋಹದ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ, ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40ರಿಂದ 50 ಮೈಕ್ರಾನ್. ಮಕ್ಕಳೇ, ಒಂದು ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ನಿಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಕಾರಿಗೆ ಹೊಳಪು ಕೊಡುವ, ಬಿಸಿಲಿನ ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಯುವ ಆ ಪದರ ನಿಮ್ಮ ಕೂದಲಿಗಿಂತಲೂ ತೆಳು.

ಗೀರು ಅಂದರೆ ಆ ಪದರದಲ್ಲಿ ಬಿದ್ದ ಒಂದು ಸಣ್ಣ ಕಾಲುವೆ. ಪಾಲಿಶ್ ಆ ಕಾಲುವೆಯನ್ನು ತುಂಬುವುದಿಲ್ಲ, ಅದರ ಅಕ್ಕಪಕ್ಕದ ದಡವನ್ನು ತೇಯ್ದು ಮಟ್ಟ ಮಾಡುತ್ತದೆ. ಇದು ತುಂಬ ಜನ ತಪ್ಪು ತಿಳಿಯುವ ಜಾಗ. ವ್ಯಾಕ್ಸ್ ಹಚ್ಚುವುದು ಬೇರೆ, ಪಾಲಿಶ್ ಮಾಡುವುದು ಬೇರೆ. ವ್ಯಾಕ್ಸ್ ಮೇಲೆ ಏನನ್ನೋ ಸೇರಿಸುತ್ತದೆ, ಪಾಲಿಶ್ ಇರುವುದರಲ್ಲಿ ಒಂದಿಷ್ಟನ್ನು ಕಳೆಯುತ್ತದೆ. ನಯವಾದ ಪಾಲಿಶ್ ಒಂದು ಸುತ್ತಿಗೆ ಸುಮಾರು ಒಂದು ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ ತೆಗೆಯುತ್ತದೆ. ಒರಟು ಕಾಂಪೌಂಡ್ ಎರಡು ಮೂರು ಮೈಕ್ರಾನ್ ತೆಗೆದರೂ ಆಶ್ಚರ್ಯವಿಲ್ಲ. ಕಾರಿನ ಇಡೀ ಆಯುಷ್ಯದಲ್ಲಿ ಏಳೆಂಟು ಮೈಕ್ರಾನಿಗಿಂತ ಹೆಚ್ಚು ತೆಗೆಯಬಾರದು ಎಂದು ಈ ಕೆಲಸ ಬಲ್ಲವರು ಹೇಳುವುದುಂಟು. ಬ್ಯಾಂಕಿನಲ್ಲಿ ಒಮ್ಮೆ ಇಟ್ಟ ದುಡ್ಡು, ಮತ್ತೆ ಜಮಾ ಮಾಡುವ ಹಾಗಿಲ್ಲ, ತೆಗೆಯುವುದು ಮಾತ್ರ. ಹಾಗಾಗಿ ಪ್ಯಾಡು, ಪಾಲಿಶು ಆರಿಸುವುದೆಂದರೆ ಎಷ್ಟು ತೆಗೆಯಬೇಕು ಎಂದು ಆರಿಸುವುದು.

ಆ ಗೀರುಗಳು ವೃತ್ತಾಕಾರವಾಗಿ ಕಾಣುವುದೇಕೆ? ಮನೆಯಲ್ಲೇ ನೋಡಬಹುದು. ಅಡಿಗೆಮನೆಯಿಂದ ದಿನಬಳಕೆಯ ಒಂದು ಸ್ಟೀಲ್ ತಟ್ಟೆ ತನ್ನಿ. ಬಲ್ಬಿನ ಕೆಳಗೆ ಹಿಡಿಯಿರಿ. ಬಲ್ಬಿನ ಪ್ರತಿಬಿಂಬದ ಸುತ್ತ ಸಣ್ಣ ಸಣ್ಣ ವೃತ್ತಗಳು ಕಾಣುತ್ತವೆ. ಈಗ ತಟ್ಟೆಯನ್ನು ನಿಧಾನವಾಗಿ ಸರಿಸಿ, ವೃತ್ತಗಳೂ ಬೆಳಕಿನ ಜೊತೆಗೇ ಸರಿಯುತ್ತವೆ! ಗೀರುಗಳು ನಿಜವಾಗಿ ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಇರುತ್ತವೆ. ಬೆಳಕಿನ ಸುತ್ತ ಬಳೆಯ ಹಾಗೆ ತಿರುಗಿ ನಿಂತ ಗೀರುಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ಕಳಿಸುತ್ತವೆ, ಉಳಿದವು ಕಾಣುವುದಿಲ್ಲ. ಕಾರಿನ ಮೇಲೂ ಇದೇ ಆಟ. ಕಪ್ಪು ಕಾರಿನಲ್ಲಿ ಹೆಚ್ಚು ಎದ್ದು ಕಾಣುತ್ತದೆ, ಬಿಳಿ ಕಾರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಬೆಳ್ಳಿಬಣ್ಣದ ಕ್ಯಾಮ್ರಿ ಇರುವವರು ನೆಮ್ಮದಿಯಾಗಿ ಮುಂದಿನ ಪುಟಕ್ಕೆ ಹೋಗಬಹುದು, ಬೇಸರವಿಲ್ಲ.

ಇನ್ನು ಹುಡುಗನ ಪ್ರಶ್ನೆ. ಊರಿನಲ್ಲಿ ಅಜ್ಜಿ ಪಾತ್ರೆ ಬೆಳಗುವುದನ್ನು ನೋಡಿದವರಿಗೆ ಇದು ಹೊಸ ವಿದ್ಯೆಯೇ ಅಲ್ಲ. ತಳ ಹಿಡಿದ ಪಾತ್ರೆಗೆ ತೆಂಗಿನ ನಾರು ಮತ್ತು ಬೂದಿ. ಬೆಳ್ಳಿ ದೀಪಕ್ಕೆ ಮೆತ್ತನೆಯ ಬಟ್ಟೆ ಮತ್ತು ವಿಭೂತಿ. ನಾರು, ಬಟ್ಟೆ ಇವು ಪ್ಯಾಡು. ಬೂದಿ, ವಿಭೂತಿ ಇವು ಪಾಲಿಶು. ಬೆಳ್ಳಿ ದೀಪವನ್ನು ನಾರಿನಲ್ಲಿ ಉಜ್ಜಿದರೆ ಅಜ್ಜಿ ಸುಮ್ಮನಿರುತ್ತಿರಲಿಲ್ಲ, ವಿಭೂತಿಯೇ ಹಾಕಿ ಉಜ್ಜಿದ್ದರೂ ಸರಿಯೇ. ಯಾಕೆಂದರೆ ಪುಡಿ ಎಷ್ಟು ನಯವಾಗಿದ್ದರೂ ಅದನ್ನು ಒತ್ತಿ ಹಿಡಿಯುವ ವಸ್ತು ಒರಟಾಗಿದ್ದರೆ ಗೀರು ಬೀಳುತ್ತದೆ. ಕಾರಿನಲ್ಲೂ ಹಾಗೆಯೇ: ಒಂದೇ ಪಾಲಿಶನ್ನು ಗಟ್ಟಿ ಪ್ಯಾಡಿನ ಮೇಲೆ ಹಾಕಿದರೆ ಒಂದು ಕೆಲಸ ಮಾಡುತ್ತದೆ, ಮೆತ್ತನೆಯ ಪ್ಯಾಡಿನ ಮೇಲೆ ಹಾಕಿದರೆ ಇನ್ನೊಂದು. ಬಾಟಲಿಯ ಮೇಲೆ ಬರೆದದ್ದನ್ನು ಓದಿ ಕೊಳ್ಳುವವರು ಪ್ಯಾಡನ್ನು ಮರೆತಿರುತ್ತಾರೆ. ನನ್ನ ಮಟ್ಟಿಗೆ ಪ್ಯಾಡೇ ಹೆಚ್ಚು ಮುಖ್ಯ. (ಹಿತ್ತಾಳೆಗೆ ಹುಣಸೆಹಣ್ಣು ಹಚ್ಚುವುದು ಈ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ಕೆಲಸ ಮಾಡುವುದು ಹುಳಿ, ಉಜ್ಜುವಿಕೆಯಲ್ಲ. ಕಾರಿಗೆ ಹುಣಸೆಹಣ್ಣು ಪ್ರಯೋಗ ಮಾಡಬೇಡಿ.)

ಹಳದಿ ಪ್ಯಾಡಿನ ಜಗಳ ಹೀಗೆ: ಇಬ್ಬರು ಹೇಳಿದ್ದೂ ಸರಿ. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವೇ ಇಲ್ಲ. ಲೇಕ್ ಕಂಟ್ರಿ ಕಂಪನಿಯ ಹಳೆಯ ಸಾಲಿನ ಸ್ಪಾಂಜ್ ಪ್ಯಾಡುಗಳಲ್ಲಿ ಹಳದಿ ಎಂದರೆ ಗಟ್ಟಿ, ಹೆಚ್ಚು ತೇಯುವಂಥದ್ದು, ಕಿತ್ತಳೆ ಅದಕ್ಕಿಂತ ಕಡಿಮೆ, ಬಿಳಿ ಪಾಲಿಶಿಗೆ, ಕಪ್ಪು ಕೊನೆಯ ನಯಕ್ಕೆ. ಇಟಲಿಯ ರೂಪೆಸ್ ಕಂಪನಿಯಲ್ಲಿ ನೀಲಿ ಒರಟು, ಹಸಿರು ಮಧ್ಯಮ, ಹಳದಿ ನಯ, ಬಿಳಿ ಅತಿ ನಯ. ಒಂದು ಕಂಪನಿಯ ವಿಡಿಯೋ ನೋಡಿ ಇನ್ನೊಂದು ಕಂಪನಿಯ ಹಳದಿ ಕೊಂಡರೆ ಬೆಳ್ಳಿ ದೀಪಕ್ಕೆ ತೆಂಗಿನ ನಾರು ಹಿಡಿದಂತಾಗುತ್ತದೆ. ಬಣ್ಣ ಬಿಡಿ, ಕಟಿಂಗ್, ಪಾಲಿಶಿಂಗ್, ಫಿನಿಶಿಂಗ್ ಎಂಬ ಮೂರು ಪದಗಳಲ್ಲಿ ಯಾವುದು ಪ್ಯಾಕೆಟ್ ಮೇಲಿದೆ ನೋಡಿ. ಅಂಗಡಿಯಲ್ಲಿ ಕೈಗೆ ಸಿಕ್ಕರೆ ಹೆಬ್ಬೆರಳಿನಿಂದ ಅದುಮಿ ನೋಡಿ. ಕಟಿಂಗ್ ಪ್ಯಾಡು ಬಿಗಿಯಾಗಿ ಎದುರೊತ್ತುತ್ತದೆ, ಫಿನಿಶಿಂಗ್ ಪ್ಯಾಡು ಚೆನ್ನಾಗಿ ಉಬ್ಬಿದ ಇಡ್ಲಿಯ ಹಾಗೆ ತಗ್ಗುತ್ತದೆ.

ಸ್ಪಾಂಜ್ ಅಲ್ಲದೆ ಉಣ್ಣೆಯ ಪ್ಯಾಡು, ಮೈಕ್ರೋಫೈಬರ್ ಪ್ಯಾಡು ಎಂದೂ ಸಿಗುತ್ತವೆ. ಎರಡೂ ಬೇಗ ತೇಯುತ್ತವೆ, ಎರಡೂ ಹಿಂದೆ ಮಂಜು ಕವಿದಂಥ ಮಸುಕು ಬಿಡಬಹುದು, ಅದನ್ನು ತೆಗೆಯಲು ಮತ್ತೆ ಸ್ಪಾಂಜ್ ಬೇಕು. ವೃತ್ತಿಯಲ್ಲಿರುವವರಿಗೆ ಸಮಯವೇ ದುಡ್ಡು, ಅವರು ಬಳಸಲಿ. ಮನೆಯಲ್ಲಿ ಮೊದಲ ಬಾರಿ ಮಾಡುವವರಿಗೆ ನಾನಂತೂ ಬೇಡ ಎನ್ನುತ್ತೇನೆ.

ಪಾಲಿಶಿನ ಬಾಟಲಿಗಳಲ್ಲೂ ಇದೇ ಏಣಿ: ಕಾಂಪೌಂಡ್ ಒರಟು, ಪಾಲಿಶ್ ಮಧ್ಯಮ, ಫಿನಿಶಿಂಗ್ ಪಾಲಿಶ್ ನಯ. ಒಳಗಿರುವುದು ಹೆಚ್ಚಾಗಿ ಅಲ್ಯೂಮಿನಿಯಂ ಆಕ್ಸೈಡಿನ ಅತಿ ಸಣ್ಣ ಕಣಗಳು. ಕೆಲವು ಬಾಟಲಿಗಳಲ್ಲಿ ಉಜ್ಜುತ್ತಾ ಹೋದಂತೆ ಕಣಗಳು ಒಡೆದು ಇನ್ನೂ ಸಣ್ಣದಾಗುತ್ತವೆ, ಕೊನೆಕೊನೆಗೆ ನಯ ಬರುತ್ತದೆ. ಇಂಥದ್ದನ್ನು ಅರ್ಧಕ್ಕೆ ನಿಲ್ಲಿಸಬಾರದು. ಇನ್ನು ಕೆಲವಲ್ಲಿ ಕಣಗಳು ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿರುತ್ತವೆ. ಬಾಟಲಿಯ ಹಿಂದಿನ ಸೂಚನೆಯನ್ನು ಓದದೆ ಕೈ ಹಾಕಬೇಡಿ.

ಮಷೀನ್ ಬಗ್ಗೆಯೂ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಪ್ಯಾಡು ಅದಕ್ಕೆ ಹೊಂದಬೇಕು. ರೋಟರಿ ಎಂಬುದು ಒಂದೇ ಕಡೆ ಗರಗರ ತಿರುಗುತ್ತದೆ. ಎಲ್ಲ ಶಾಖವೂ ಒಂದೇ ಜಾಗಕ್ಕೆ, ಅಂಚಿನಲ್ಲಿ ಎರಡು ಕ್ಷಣ ನಿಂತರೆ ಬಣ್ಣ ಸುಟ್ಟುಹೋಗಬಹುದು. ಡಿ.ಎ. ಅಥವಾ ಡುಯಲ್ ಆಕ್ಷನ್ ಎಂಬುದು ನಮ್ಮ ಭೂಮಿಯ ಹಾಗೆ: ತನ್ನ ಸುತ್ತಲೂ ತಿರುಗುತ್ತದೆ, ಇನ್ನೊಂದು ಕೇಂದ್ರದ ಸುತ್ತಲೂ ಸುತ್ತುತ್ತದೆ. ಶಾಖ ಹರಡಿ ಹೋಗುತ್ತದೆ. ಹೆಚ್ಚು ಒತ್ತಿದರೆ ಅಥವಾ ಓರೆ ಹಿಡಿದರೆ ತಿರುಗುವುದೇ ನಿಂತು ಬರೀ ನಡುಗುತ್ತದೆ, ಒಂಥರಾ ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ಅಮ್ಮನ ಭಯಕ್ಕೆ ನಿಜವಾದ ಉತ್ತರ ಇದು: ಡಿ.ಎ. ಮಷೀನ್, ಸ್ಪಾಂಜ್ ಪ್ಯಾಡು, ಮಧ್ಯಮ ಪಾಲಿಶು ಇಷ್ಟೇ ಹಿಡಿದು, ಕಾರ್ಖಾನೆಯಿಂದ ಬಂದ ಬಣ್ಣದ ಸಮತಟ್ಟಾದ ಜಾಗದಲ್ಲಿ ಕೆಲಸ ಮಾಡಿದರೆ ಕ್ಲಿಯರ್ ಕೋಟ್ ಹರಿಯುವುದು ಸುಲಭವಲ್ಲ. ಅಪಾಯವಿರುವುದು ಅಂಚುಗಳಲ್ಲಿ, ಬಾಗಿಲಿನ ಮೇಲೆ ಗೆರೆಯಂತೆ ಎದ್ದು ನಿಂತ ಮಡಿಕೆಗಳಲ್ಲಿ, ಮತ್ತು ಮೊದಲೇ ಯಾರೋ ಪಾಲಿಶ್ ಮಾಡಿ ತೆಳುವಾಗಿಸಿದ ಹಳೆಯ ಕಾರುಗಳಲ್ಲಿ. ಅಂಚಿಗೂ ಮಡಿಕೆಗೂ ಪೇಂಟರ್‌ಗಳ ಟೇಪ್ ಅಂಟಿಸಿ. ಸೋದರಮಾವನ ಮಗ ಕೊಡುತ್ತೇನೆಂದ ರೋಟರಿಯನ್ನು ಧನ್ಯವಾದ ಹೇಳಿ ಅವನಿಗೇ ಬಿಡು, ಮರಿ.

ಡಿ.ಎ. ಪ್ಲೇಟು ಐದು ಇಂಚಿನದಾದರೆ ಐದೂವರೆ ಇಂಚಿನ ಪ್ಯಾಡು ಸರಿ. ಪ್ಯಾಡು ಪ್ಲೇಟಿಗಿಂತ ಸ್ವಲ್ಪ ದೊಡ್ಡದಿರಬೇಕು, ಇಲ್ಲದಿದ್ದರೆ ಪ್ಲೇಟಿನ ಗಟ್ಟಿ ಅಂಚು ಬಣ್ಣಕ್ಕೆ ತಾಗುತ್ತದೆ. ತೀರಾ ದಪ್ಪ ಪ್ಯಾಡು ಬೇಡ, ಮಷೀನಿನ ಚಲನೆಯನ್ನು ಅದೇ ನುಂಗಿಬಿಡುತ್ತದೆ. ಪ್ಲೇಟಿನ ಬದಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ. ಕೆಲಸ ನಡೆಯುವಾಗ ಆ ಗೆರೆ ತಿರುಗುವುದು ಕಂಡರೆ ಪ್ಯಾಡು ತಿರುಗುತ್ತಿದೆ, ಒಂದೇ ಕಡೆ ನಡುಗುತ್ತಿದ್ದರೆ ಒತ್ತಡ ಕಡಿಮೆ ಮಾಡಬೇಕು. ಈ ಗೆರೆ ಕಾಯುವ ಕೆಲಸ ಚಿಕ್ಕ ಮಕ್ಕಳಿಗೆ ಕೊಡಬಹುದು, ಅವರ ಕಣ್ಣು ನಮ್ಮದಕ್ಕಿಂತ ಚುರುಕು.

ಯಾವ ಜೋಡಿಯಿಂದ ಶುರು ಮಾಡಬೇಕು? ಅತಿ ಮೆತ್ತನೆಯದರಿಂದ. ಕಾರನ್ನು ಚೆನ್ನಾಗಿ ತೊಳೆದು, ಕ್ಲೇ ಬಾರಿನಿಂದ ಅಂಟಿದ ಕಸವನ್ನು ಎತ್ತಿ, ಒಣಗಿಸಿ, ನೆರಳಿಗೆ ತನ್ನಿ. ಬಾನೆಟ್ ಮೇಲೆ ಎರಡಡಿ ಉದ್ದ, ಎರಡಡಿ ಅಗಲದ ಚೌಕವನ್ನು ಟೇಪಿನಿಂದ ಗುರುತಿಸಿ. ಅಲ್ಲಿ ಮೊದಲು ಫಿನಿಶಿಂಗ್ ಪಾಲಿಶ್ ಮತ್ತು ಪಾಲಿಶಿಂಗ್ ಪ್ಯಾಡು. ಪ್ಯಾಡಿನ ಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಮಷೀನ್ ಚಾಲೂ ಮಾಡುವ ಮೊದಲೇ ಪ್ಯಾಡನ್ನು ಬಣ್ಣದ ಮೇಲೆ ಇಡಿ, ಇಲ್ಲವಾದರೆ ಪಾಲಿಶ್ ನಿಮ್ಮ ಅಂಗಿಗೆ. ಕಡಿಮೆ ವೇಗದಲ್ಲಿ ಹರಡಿ, ಆಮೇಲೆ ವೇಗ ಹೆಚ್ಚಿಸಿ, ಸೆಕೆಂಡಿಗೆ ಒಂದು ಇಂಚಿನಂತೆ ನಿಧಾನವಾಗಿ ಸರಿಸಿ. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚಬೇಕು. ಅಡ್ಡಡ್ಡ ಒಮ್ಮೆ, ಉದ್ದುದ್ದ ಒಮ್ಮೆ, ಹೀಗೆ ನಾಲ್ಕರಿಂದ ಆರು ಬಾರಿ. ಹೆಚ್ಚಿನವರು ಕೆಡಿಸಿಕೊಳ್ಳುವುದು ಕೈ ಬೇಗ ಬೇಗ ಓಡಿಸಿ. ನೆಲ ಒರೆಸುವ ವೇಗ ಇಲ್ಲಿ ನಡೆಯುವುದಿಲ್ಲ.

ಒರೆಸಿ ನೋಡುವ ಮೊದಲು ಇನ್ನೊಂದು ಕೆಲಸ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಪಾಲಿಶಿನ ಎಣ್ಣೆ ಗೀರುಗಳೊಳಗೆ ಕೂತು ಅವು ಇಲ್ಲವೇ ಇಲ್ಲ ಎನಿಸುವಂತೆ ಮಾಡುತ್ತದೆ, ಎರಡು ವಾರದ ಮೇಲೆ ಮಳೆಗೆ ತೊಳೆದುಹೋದಾಗ ಗೀರುಗಳು ವಾಪಸ್. ಎಣ್ಣೆ ತೆಗೆದ ಮೇಲೆ ಕಾಣುವುದೇ ನಿಜ. ಈಗ ಟಾರ್ಚ್ ಬಿಟ್ಟು ನೋಡಿ. ಸಾಕೆನಿಸಿದರೆ ಇಡೀ ಕಾರಿಗೆ ಇದೇ ಜೋಡಿ. ಸಾಲದಿದ್ದರೆ ಅದೇ ಪ್ಯಾಡಿಗೆ ಮಧ್ಯಮ ಪಾಲಿಶ್. ಅದೂ ಸಾಲದಿದ್ದರೆ ಅದೇ ಮಧ್ಯಮ ಪಾಲಿಶನ್ನು ಕಟಿಂಗ್ ಸ್ಪಾಂಜಿನ ಮೇಲೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ. ವಿಜ್ಞಾನದ ತರಗತಿಯಲ್ಲಿ ಇದನ್ನೇ ಅಲ್ಲವೇ ಹೇಳಿಕೊಡುವುದು? ಕಾಂಪೌಂಡ್ ಬಾಟಲಿಯ ಮುಚ್ಚಳ ತೆರೆಯುವ ಸಂದರ್ಭ ಹೆಚ್ಚಿನ ಮನೆಗಳಲ್ಲಿ ಬರುವುದೇ ಇಲ್ಲ.

ಸಿವಿಕ್ ವಿಷಯದಲ್ಲಿ ಒಂದು ಎಚ್ಚರ. ಹೋಂಡಾ, ಸುಬಾರು ಕಾರುಗಳ ಕ್ಲಿಯರ್ ಕೋಟ್ ಸಾಮಾನ್ಯವಾಗಿ ಮೃದು ಎಂದೂ, ಆಡಿ, ಮರ್ಸಿಡಿಸ್ ಕಾರುಗಳದ್ದು ಗಟ್ಟಿ ಎಂದೂ ಪಾಲಿಶ್ ಮಾಡುವವರಲ್ಲಿ ಮಾತಿದೆ. ಮೃದು ಎಂದರೆ ಕೆಟ್ಟದ್ದು ಎಂದಲ್ಲ. ಗೀರು ಬೇಗ ಬೀಳುತ್ತದೆ, ಬೇಗ ಹೋಗುತ್ತದೆ, ಒರಟು ಪ್ಯಾಡು ಹಿಡಿದರೆ ಬೇಗ ಮಸುಕಾಗುತ್ತದೆ. ಮೃದು ಬಣ್ಣ, ಅದರ ಮೇಲೆ ಕಪ್ಪು: ಇಲ್ಲಿ ಕೊನೆಗೊಮ್ಮೆ ಫಿನಿಶಿಂಗ್ ಪ್ಯಾಡು, ಫಿನಿಶಿಂಗ್ ಪಾಲಿಶು ಓಡಿಸದೆ ಬಿಡಬೇಡ. ಆದ್ದರಿಂದ ಕೊಳ್ಳುವ ಪಟ್ಟಿ: ಪಾಲಿಶಿಂಗ್ ಪ್ಯಾಡು ನಾಲ್ಕು, ಕಟಿಂಗ್ ಸ್ಪಾಂಜ್ ಎರಡು, ಫಿನಿಶಿಂಗ್ ಎರಡು, ಮಧ್ಯಮ ಮತ್ತು ನಯ ಪಾಲಿಶು ಒಂದೊಂದು ಬಾಟಲಿ. ಪ್ಯಾಡು ಇಷ್ಟೊಂದು ಯಾಕೆಂದರೆ ಅದು ತೇಯ್ದ ಬಣ್ಣದ ಪುಡಿಯನ್ನೂ ಹಳೆಯ ಪಾಲಿಶನ್ನೂ ಹೀರಿ ಹೀರಿ ಒದ್ದೆಯಾಗಿ, ಬಿಸಿಯಾಗಿ ಸೋಲುತ್ತದೆ. ಪ್ರತಿ ಚೌಕ ಮುಗಿದಾಗ ನೈಲಾನ್ ಬ್ರಶ್ಶಿನಿಂದ ಉಜ್ಜಿ ಕೊಡವಬೇಕು, ಎರಡು ಮೂರು ಭಾಗ ಮುಗಿದಾಗ ಬದಲಿಸಬೇಕು. ಕೆಳಗೆ ಬಿದ್ದ ಪ್ಯಾಡನ್ನು ತೊಳೆಯದೆ ಮತ್ತೆ ಹಚ್ಚುವ ಹಾಗೇ ಇಲ್ಲ. ಒಂದು ಮರಳಿನ ಕಾಳು ಸಾಕು.

ಅವನು ಕಳಿಸಿದ ಫೋಟೋಗಳಲ್ಲಿ ಇನ್ನೊಂದು ಕಂಡಿತು. ಕಾರಿನ ಮೇಲ್ಛಾವಣಿಯಲ್ಲಿ ಅಂಗೈ ಅಗಲದ ಬಿಳಿಚು ಕಲೆ, ಅಂಚಿನಲ್ಲಿ ಹಪ್ಪಳದ ಹಾಗೆ ಸಿಪ್ಪೆ ಎದ್ದಿದೆ. ಅದು ಗೀರಲ್ಲ. ಅಲ್ಲಿ ಕ್ಲಿಯರ್ ಕೋಟೇ ಸತ್ತಿದೆ. ಯಾವ ಪ್ಯಾಡು, ಯಾವ ಪಾಲಿಶೂ ಅದನ್ನು ವಾಪಸ್ ತರಲಾರದು, ಮಷೀನ್ ತಾಗಿಸಿದರೆ ಸಿಪ್ಪೆ ಇನ್ನಷ್ಟು ಏಳುತ್ತದೆ. ಛಾವಣಿಯನ್ನು ಮುಟ್ಟಬೇಡ. ಅದಕ್ಕೆ ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ, ಅದು ಈ ಬೇಸಿಗೆಯ ಖರ್ಚಲ್ಲ. ಕೇಳಲು ಬೇಸರವೇ, ಆದರೆ ಬಾನೆಟ್ಟೂ ಬಾಗಿಲುಗಳೂ ಚೆನ್ನಾಗಿವೆ, ಕೆಲಸ ಅಲ್ಲಿ ಮಾಡು. ಬಾಗಿಲಿನ ಹಿಡಿಯ ಪಕ್ಕದ ಉದ್ದ ಗೀರನ್ನೂ ಬಿಟ್ಟುಬಿಡು. ಉಗುರು ಅಡ್ಡ ಎಳೆದಾಗ ಸಿಕ್ಕಿಕೊಳ್ಳುವ ಗೀರು ಪಾಲಿಶಿಗೆ ಬಗ್ಗುವುದಿಲ್ಲ, ಅದನ್ನು ಪೂರ್ತಿ ತೆಗೆಯುವ ಹಟಕ್ಕೆ ಬಿದ್ದವರೇ ಬಣ್ಣ ಹರಿಸಿಕೊಳ್ಳುವುದು. ಬಂಪರ್ ಪ್ಲಾಸ್ಟಿಕ್ಕಿನದು, ಶಾಖ ಬೇಗ ಇಳಿಯುವುದಿಲ್ಲ. ಅಲ್ಲಿ ಮೂರು ಇಂಚಿನ ಚಿಕ್ಕ ಪ್ಯಾಡು, ಕಡಿಮೆ ವೇಗ.

ಪೋಷಕರೇ, ಕಾರು ಲೀಸಿನದಾದರೆ ಈ ಉಸಾಬರಿ ಬೇಡ, ತೊಳೆದು ವ್ಯಾಕ್ಸ್ ಹಚ್ಚಿ ಸಾಕು. ಮಕ್ಕಳು ಮಷೀನ್ ಹಿಡಿಯುವುದಾದರೆ ಜೊತೆಯಲ್ಲಿರಿ. ಹುಡಿಯ ದಾರ, ಕೊರಳ ಸರ, ಬಿಟ್ಟ ಜಡೆ, ಸಡಿಲ ತೋಳು ಯಾವುದೂ ತಿರುಗುವ ಪ್ಯಾಡಿನ ಹತ್ತಿರ ಬರಬಾರದು. ಅಮ್ಮಂದಿರು ಮಾಂಗಲ್ಯ ಸರವನ್ನು ಅಂಗಿಯ ಒಳಗೆ ಸೇರಿಸಿಕೊಳ್ಳಿ, ಉಂಗುರ ಬಳೆ ತೆಗೆದಿಡಿ, ಅವು ಬಣ್ಣಕ್ಕೂ ಗೀರು ಹಾಕುತ್ತವೆ. ಕಣ್ಣಿಗೆ ಕನ್ನಡಕ, ಕಿವಿಗೆ ಪ್ಲಗ್, ಮೂಗಿಗೆ ಮಾಸ್ಕ್, ವೈರು ಹೆಗಲ ಮೇಲೆ. ಒದ್ದೆ ಡ್ರೈವ್‌ವೇಯಲ್ಲಿ ನಿಂತು ಮಷೀನ್ ಚಾಲೂ ಮಾಡಬೇಡಿ.

ಹೆನ್ರಿ ಫೋರ್ಡ್ 1914ರಿಂದ 1925ರವರೆಗೆ ಮಾಡೆಲ್ ಟಿ ಕಾರನ್ನು ಕಪ್ಪು ಬಣ್ಣದಲ್ಲಷ್ಟೇ ಮಾರಿದ ಕಥೆ ನಮ್ಮ ಮಿಶಿಗನ್ ಮಕ್ಕಳಿಗೆಲ್ಲ ಬಾಯಿಪಾಠ. ಆ ಕಾಲದ ಕಾರಿಗೆ ಕ್ಲಿಯರ್ ಕೋಟ್ ಇರಲಿಲ್ಲ, ಅದು ವ್ಯಾಪಕವಾಗಿ ಬಂದದ್ದು 1980ರ ದಶಕದಲ್ಲಿ. ಹಾಗಾಗಿ ಹಳೇ ಕಾಲದ ಕಾರು ಉಜ್ಜಿದರೆ ಪ್ಯಾಡಿಗೆ ಕಾರಿನ ಬಣ್ಣವೇ ಹತ್ತುತ್ತದೆ. ಇಂದಿನ ಕಾರು ಉಜ್ಜುವಾಗ ಪ್ಯಾಡಿನ ಮೇಲೆ ಕಾರಿನ ಬಣ್ಣ ಕಂಡರೆ ಅಲ್ಲಿಗೇ ನಿಲ್ಲಿಸಿ, ಕ್ಲಿಯರ್ ಕೋಟ್ ದಾಟಿದ್ದೀರಿ ಎಂದರ್ಥ.

ಪಾಲಿಶ್ ಮುಗಿದ ಮೈ ಬರಿಮೈ, ಅದೇ ದಿನ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿ. ವ್ಯಾಕ್ಸುಗಳಲ್ಲಿ ಹೆಸರಾದ ಕಾರ್ನೌಬಾ ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಮರದ ಎಲೆಯಿಂದ ಬರುತ್ತದೆ. ಮಕ್ಕಳೇ, ನೀವು ತಿನ್ನುವ ಎಷ್ಟೋ ಹೊಳೆಯುವ ಗಮ್ಮಿ ಮಿಠಾಯಿಗಳ ಮೇಲಿರುವುದೂ ಅದೇ. ಪ್ಯಾಕೆಟ್ಟಿನ ಹಿಂದೆ ಹೆಸರು ಹುಡುಕಿ ನೋಡಿ. (ಕಾರಿನ ಡಬ್ಬಿಯದನ್ನು ನೆಕ್ಕಬಾರದು, ಅದರಲ್ಲಿ ಬೇರೆ ಏನೇನೋ ಇರುತ್ತದೆ!) ಮುಂದಿನ ವಾರವೇ ಆ ಬ್ರಶ್ ತಿರುಗುವ ಕಾರ್ ವಾಶಿಗೆ ಕಾರು ಕೊಂಡೊಯ್ದರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ. ಬ್ರಶ್ ಇಲ್ಲದ, ಬರೀ ನೀರು ಚಿಮ್ಮಿಸುವ ಕಡೆ ಹೋಗಿ, ಇಲ್ಲವೇ ಎರಡು ಬಕೆಟ್ ಇಟ್ಟುಕೊಂಡು ಕೈಯಲ್ಲಿ ತೊಳೆಯಿರಿ: ಒಂದರಲ್ಲಿ ಸೋಪುನೀರು, ಇನ್ನೊಂದರಲ್ಲಿ ಕೈಗವಸಿನ ಮಣ್ಣು ಜಾಲಿಸಲು ಬರೀ ನೀರು.

ಕೊನೆಗೆ ಪ್ಯಾಡುಗಳು. ಕೆಲಸ ಮುಗಿದ ಕೂಡಲೇ, ಪಾಲಿಶ್ ಒಣಗಿ ಗಟ್ಟಿಯಾಗುವ ಮೊದಲು, ಉಗುರುಬೆಚ್ಚನೆಯ ನೀರು ಮತ್ತು ಸ್ವಲ್ಪ ಪಾತ್ರೆ ಸೋಪಿನಲ್ಲಿ ತೊಳೆಯಿರಿ. ಹಿಂಡುವಾಗ ತಿರುಚಬೇಡಿ, ಎರಡು ಅಂಗೈ ನಡುವೆ ಅದುಮಿ. ಡ್ರೈಯರಿಗೆ ಹಾಕಿದರೆ ಹಿಂದಿನ ವೆಲ್ಕ್ರೋದ ಅಂಟು ಬಿಡುತ್ತದೆ, ಆದ್ದರಿಂದ ಸ್ಪಾಂಜ್ ಮುಖ ಕೆಳಗೆ ಮಾಡಿ ನೆರಳಿನಲ್ಲಿ ಒಣಹಾಕಿ. ಒಣಗಿದ ಮೇಲೆ ಕಟಿಂಗ್ ಪ್ಯಾಡು ಒಂದು ಜಿಪ್ ಚೀಲಕ್ಕೆ, ಫಿನಿಶಿಂಗ್ ಪ್ಯಾಡು ಇನ್ನೊಂದಕ್ಕೆ. ಚೀಲದ ಮೇಲೆ ಕನ್ನಡದಲ್ಲೇ "ಒರಟು", "ನಯ" ಎಂದು ಬರೆದಿಡಿ, ಮಕ್ಕಳಿಗೆ ಅಕ್ಷರಾಭ್ಯಾಸವೂ ಆದೀತು. ಮುಂದಿನ ತಿಂಗಳು ಹುಲ್ಲು ಕತ್ತರಿಸುವ ಮಷೀನಿನ ಬ್ಲೇಡು ಸಾಣೆ ಹಿಡಿಯುವ ಬಗ್ಗೆ. ಪ್ರಶ್ನೆಗಳಿದ್ದರೆ ಈ ಮಿಂಚೆಗೇ ಉತ್ತರಿಸಿ.